ತುಲೂಸ್‌ನಲ್ಲಿ ಎರಡು ವರ್ಷ: ವಿಳಾಸದ ಕಾಗದ, ಶಾಲೆಯ ಗೇಟು, ಮೊಸರಿನ ಹೆಪ್ಪು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ಫ್ರಾನ್ಸಿನ ತುಲೂಸ್‌ಗೆ ಎರಡು ವರ್ಷಕ್ಕೆ ಹೊರಟಿದ್ದೇವೆ. ವಿಮಾನ ಕಂಪನಿಯ ಕೆಲಸ. ಮಕ್ಕಳಿಗೆ 4 ಮತ್ತು 8 ವರ್ಷ. ಟೂರಿಸ್ಟ್‌ಗಳ ಹಾಗೆ ಇದ್ದು ಬರುವ ಆಸೆ ಇಲ್ಲ, ಊರವರ ಹಾಗೆ ಬದುಕಬೇಕು. ಯಾವುದರಿಂದ ಶುರು ಮಾಡೋದು?

ಉತ್ತರ:
ಮೇಡಂ, ಫ್ರೆಂಚ್ ಕಲಿಯುವುದಕ್ಕೂ ಮೊದಲು ವಿಳಾಸದ ಪುರಾವೆ ಮಾಡಿಕೊಳ್ಳಿ. ಇದನ್ನು 'ಜುಸ್ತಿಫಿಕಾತಿಫ್ ದ ದೊಮಿಸಿಲ್' ಅಂತಾರೆ. ಕರೆಂಟ್ ಬಿಲ್ಲೋ ಇಂಟರ್‌ನೆಟ್ ಬಿಲ್ಲೋ ಆದೀತು, ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದಿರಬಾರದು. ಬ್ಯಾಂಕ್, ಶಾಲೆ, ಪ್ರಿಫೆಕ್ಚರ್ (ವಾಸದ ಪರವಾನಗಿ ನೋಡುವ ಸರ್ಕಾರಿ ಕಚೇರಿ), ಎಲ್ಲಿ ಹೋದರೂ ಮೊದಲು ಕೇಳುವುದು ಇದನ್ನೇ. ನಮ್ಮವರು ಎಡವುವುದೂ ಇಲ್ಲೇ: ಮನೆ ಕರಾರು, ಕರೆಂಟು, ಫೋನು ಎಲ್ಲವೂ ಯಜಮಾನರ ಹೆಸರಲ್ಲಿ. ಆರು ತಿಂಗಳಾದ ಮೇಲೆ ಹೆಂಡತಿ ತನ್ನದೊಂದು ಬ್ಯಾಂಕ್ ಖಾತೆ ತೆರೆಯಲು ಹೋದರೆ ಆ ಊರಲ್ಲಿ ಇದ್ದಾರೆ ಅನ್ನುವುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಕರಾರಿನಲ್ಲೂ ಕರೆಂಟ್ ಬಿಲ್ಲಿನಲ್ಲೂ ಇಬ್ಬರ ಹೆಸರೂ ಮೊದಲ ದಿನವೇ ಹಾಕಿಸಿ.

ಹೆಸರು ಅಂದ ಮೇಲೆ ಇನಿಷಿಯಲ್ ತಾಪತ್ರಯ. ಫ್ರೆಂಚ್ ಅರ್ಜಿಯಲ್ಲಿ ಮನೆತನದ ಹೆಸರು, ಕೊಟ್ಟ ಹೆಸರು ಎರಡೂ ತುಂಬಲೇಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಜನನ ಪತ್ರದಲ್ಲಿ ಇನಿಷಿಯಲ್, ಮದುವೆ ಪತ್ರದಲ್ಲಿ ಊರಿನ ಹೆಸರೂ ಸೇರಿದ್ದು ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಹೊರಡುವ ಮೊದಲೇ ಎಲ್ಲವನ್ನೂ ಪಾಸ್‌ಪೋರ್ಟಿನ ಸ್ಪೆಲ್ಲಿಂಗಿಗೆ ತಂದುಕೊಳ್ಳಿ. ನಮ್ಮಲ್ಲಿ ಹುಟ್ಟಿದ ಕೂಡಲೇ ಮಾಡಿಸಿದ ಜನನ ಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ, ಅದನ್ನು ಸೇರಿಸಿಸಿ. ಜನನ, ಮದುವೆ ಪತ್ರಗಳಿಗೆ ಅಪೊಸ್ತಿಲ್, ಅಂದರೆ ವಿದೇಶದಲ್ಲಿ ನಡೆಯಲು ಬೇಕಾದ ಸರ್ಕಾರಿ ದೃಢೀಕರಣದ ಮುದ್ರೆ, ಭಾರತದಲ್ಲೇ ಆಗಬೇಕು. ಅನುವಾದ ಮಾತ್ರ ಫ್ರಾನ್ಸಿನ ಪ್ರಮಾಣಿತ ಅನುವಾದಕರಿಂದ ಮಾಡಿಸಿ.

ವೀಸಾ ದೀರ್ಘಾವಧಿಯ ವಾಸದ್ದಾಗಿದ್ದು 'ವೇ ಎಲ್ ಎಸ್ ಟೇ ಎಸ್' (VLS-TS, ವಾಸದ ಪರವಾನಗಿಯೂ ಆಗುವ ವೀಸಾ) ಎಂದಿದ್ದರೆ, ಕಾಲಿಟ್ಟ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ತೆರಿಗೆ ಮುದ್ರೆಯ ಹಣ ಕಟ್ಟಿ ಊರ್ಜಿತ ಮಾಡಿಸಬೇಕು. ಮರೆತರೆ ವೀಸಾ ಕೈಯಲ್ಲಿದ್ದೂ ವಾಸ ಅಕ್ರಮ.

ಮನೆ: ಪೀಠೋಪಕರಣ ಸಮೇತ ಬಾಡಿಗೆಗೆ ಒಂದು ವರ್ಷದ ಕರಾರು. ಠೇವಣಿ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ (ನಮ್ಮ ಹತ್ತು ತಿಂಗಳ ಅಡ್ವಾನ್ಸ್ ಮರೆತುಬಿಡಿ). ಬಿಡುವಾಗ ಒಂದು ತಿಂಗಳ ನೋಟಿಸ್ ಸಾಕು. 'ಬಾಯ್ ಮೊಬಿಲಿತೆ' ಅಂತ 1ರಿಂದ 10 ತಿಂಗಳ ಕರಾರೂ ಇದೆ. ಅದಕ್ಕೆ ಠೇವಣಿಯೇ ಇಲ್ಲ, ಆದರೆ ನವೀಕರಣವೂ ಇಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅದರ ತಂಟೆ ಬೇಡ. ವಿಳಾಸ ಬದಲಾದರೆ ಶಾಲೆಯೂ ಬದಲಾಗಬಹುದು. ಬೀಗದ ಕೈ ಕೊಡುವ ದಿನ 'ಎತಾ ದೆ ಲಿಯು' ಬರೆಯುತ್ತಾರೆ, ಅಂದರೆ ಮನೆಯ ಸ್ಥಿತಿಯ ಪಟ್ಟಿ. ಅವಸರ ಮಾಡಬೇಡಿ. ಪ್ರತಿ ನಲ್ಲಿ, ಪ್ರತಿ ಒಲೆ, ಕಿಟಕಿಯ ಪ್ರತಿ ಶಟರ್ ಓಡಿಸಿ ನೋಡಿ, ಗೋಡೆಯ ಮೊಳೆ ತೂತನ್ನೂ ಬರೆಸಿ. ಬಿಟ್ಟುಹೋಗಿದ್ದನ್ನು ಸೇರಿಸಿ ಅಂತ 10 ದಿನದೊಳಗೆ ಕೇಳಬಹುದು. ಮನೆ ವಿಮೆ ಬಾಡಿಗೆದಾರರಿಗೆ ಕಡ್ಡಾಯ, ಅದರ ಪತ್ರ ಇಲ್ಲದೆ ಬೀಗದ ಕೈ ಸಿಗುವುದಿಲ್ಲ.

ವೈದ್ಯರು: ದೊಡ್ಡವರು ಒಬ್ಬ 'ಮೆದ್ಸಾಂ ತ್ರೆತಾಂ', ಅಂದರೆ ಖಾಯಂ ಡಾಕ್ಟರನ್ನು, ನೋಂದಾಯಿಸಿಕೊಳ್ಳಬೇಕು. ಸಾಮಾನ್ಯ ವೈದ್ಯರ ಫೀಸು 30 ಯೂರೋ. ನೋಂದಾಯಿಸಿದ್ದರೆ ಸರ್ಕಾರಿ ವಿಮೆ 70% ಲೆಕ್ಕ ಹಾಕಿ 2 ಯೂರೋ ಹಿಡಿದು 19 ಕೊಡುತ್ತದೆ. ಉಳಿದ 9 ಯೂರೋ ಕಂಪನಿಯ ಪೂರಕ ವಿಮೆಯಿಂದ ಬರುತ್ತದೆ. ನೋಂದಾಯಿಸದಿದ್ದರೆ 70 ಹೋಗಿ 30% ಆಗುತ್ತದೆ. ಹೊಸ ರೋಗಿಗಳನ್ನು ತೆಗೆದುಕೊಳ್ಳದ ಡಾಕ್ಟರೇ ಹೆಚ್ಚು, ಆದ್ದರಿಂದ ಜ್ವರ ಬರುವ ಮೊದಲೇ ಹುಡುಕಿ.

ಇನ್ನೊಬ್ಬರು, ಶಾಲೆಯ ಬಗ್ಗೆ:
ಶಾಲೆ ಕಡ್ಡಾಯವಾಗುವುದು 3 ವರ್ಷಕ್ಕೇ. ತರಗತಿ ಲೆಕ್ಕ ಜನವರಿಯಿಂದ ಡಿಸೆಂಬರ್: ಆ ಕ್ಯಾಲೆಂಡರ್ ವರ್ಷದಲ್ಲಿ ಹುಟ್ಟಿದವರೆಲ್ಲ ಒಂದೇ ತರಗತಿ. ನಮ್ಮ ಜೂನ್ ಲೆಕ್ಕ ಹಿಡಿದು ವಾದ ಮಾಡಿದರೆ ಕೇಳುವವರಿಲ್ಲ. ಮೊದಲು ನಗರಸಭೆ, ಅಂದರೆ 'ಮೆರಿ'ಯಲ್ಲಿ ನೋಂದಣಿ. ಅವರು ವಿಳಾಸ ನೋಡಿ ಶಾಲೆ ಹೇಳುತ್ತಾರೆ. ಆಮೇಲೆ ಶಾಲೆಯ ಮುಖ್ಯಸ್ಥರನ್ನು ಕಂಡು ಸೇರಿಸುವುದು. ಲಸಿಕೆ ಪುಸ್ತಕ ಕೇಳುತ್ತಾರೆ. 2018ರಿಂದೀಚೆ ಹುಟ್ಟಿದ ಮಕ್ಕಳಿಗೆ ಕಡ್ಡಾಯ ಲಸಿಕೆಗಳ ಪಟ್ಟಿ ಉದ್ದವಿದೆ. ಊರಿನ ಕಾರ್ಡನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ಕಡಿಮೆ ಬಿದ್ದದ್ದನ್ನು ಹಾಕಿಸಿ. ಶಾಲೆಯ ಪ್ರವಾಸಗಳಿಗೆ ಮಕ್ಕಳ ವಿಮೆಯ ಪತ್ರವೂ ಬೇಕು. ಮನೆ ವಿಮೆಯವರನ್ನೇ ಕೇಳಿ ನೋಡಿ.

8 ವರ್ಷದವನಿಗೆ ಫ್ರೆಂಚ್ ಬಾರದಿದ್ದರೆ 'ಯುಪಿಇ2ಎ', ಅಂದರೆ ಹೊರದೇಶದಿಂದ ಬಂದ ಮಕ್ಕಳಿಗೆ ಫ್ರೆಂಚ್ ಕಲಿಸುವ ವಿಭಾಗ, ಇರುವ ಶಾಲೆ ಕೇಳಿ. ಗಣಿತ, ಆಟ, ಚಿತ್ರಕಲೆಗೆ ತನ್ನ ವಯಸ್ಸಿನವರ ಜೊತೆ ಇರುತ್ತಾನೆ, ಭಾಷೆಗೆ ಮಾತ್ರ ಬೇರೆ ಕೋಣೆ. ಚಿಕ್ಕವಳು ತಿಂಗಳುಗಟ್ಟಲೆ ಶಾಲೆಯಲ್ಲಿ ತುಟಿ ಬಿಚ್ಚದೆ ಇರಬಹುದು. ಅದು ಕೇಳಿಸಿಕೊಳ್ಳುವ ಕಾಲ. ಆಗ ಯಾರಾದರೂ 'ಮನೆಯಲ್ಲೂ ಫ್ರೆಂಚ್ ಮಾತಾಡಿ' ಅಂದರೆ ತಲೆ ಆಡಿಸಿ ಬನ್ನಿ, ಮನೆಯಲ್ಲಿ ಕನ್ನಡವನ್ನೇ ಮುಂದುವರಿಸಿ. ಅಪ್ಪ ಅಮ್ಮನ ಮುರುಕು ಫ್ರೆಂಚಿನಿಂದ ಮಗುವಿಗೆ ಏನೂ ದಕ್ಕುವುದಿಲ್ಲ. ಕಥೆ ಹೇಳುವುದು, ಕಾರಣ ಕೇಳುವುದು ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೂ ಬರುತ್ತದೆ.

ಊಟದ ಡಬ್ಬಿ ಕಳಿಸುವಂತಿಲ್ಲ. ಅಲರ್ಜಿ ಇದ್ದರೆ ವೈದ್ಯರ ಪತ್ರದಿಂದ ಬೇರೆ ವ್ಯವಸ್ಥೆ ಮಾಡಿಕೊಡುತ್ತಾರೆ. ಶಾಲೆಯ ಕ್ಯಾಂಟೀನಿನಲ್ಲಿ ವಾರಕ್ಕೊಂದು ಸಸ್ಯಾಹಾರಿ ಊಟ ಕಾನೂನಿನ ಪ್ರಕಾರ ಕಡ್ಡಾಯ. ಉಳಿದ ದಿನ ಎಚ್ಚರ: 'ಸಾಂ ವ್ಯಾಂದ್' ಅಂದರೆ ಮಾಂಸ ಇಲ್ಲ ಅಂತಷ್ಟೇ, ತಟ್ಟೆಯಲ್ಲಿ ಮೀನೋ ಮೊಟ್ಟೆಯೋ ಬರಬಹುದು. ಅದೂ ಬೇಡ ಅನ್ನುವವರು ಮಧ್ಯಾಹ್ನ ಮನೆಗೆ ಕರೆತಂದು ಉಣಿಸಿ ಮತ್ತೆ ಬಿಡುತ್ತಾರೆ. ಹೆಚ್ಚುಕಡಿಮೆ ಎರಡು ಗಂಟೆ ಕಾಲ ಬಿಡುವು ಇರುತ್ತದೆ, ಶಾಲೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ ಸಾಧ್ಯ. ಮನೆ ಹುಡುಕುವಾಗಲೇ ಇದು ತಲೆಯಲ್ಲಿರಲಿ.

ಊರಿನ ವಾರವೆಲ್ಲ ಬುಧವಾರದ ಸುತ್ತ ತಿರುಗುತ್ತದೆ. ಆ ಮಧ್ಯಾಹ್ನ ಶಾಲೆ ಇಲ್ಲ. ಸಂಗೀತ, ಜೂಡೊ, ಈಜು, ಹುಟ್ಟುಹಬ್ಬ ಎಲ್ಲ ಆವತ್ತೇ. ಸೇರುವುದಕ್ಕೆ ಸೆಪ್ಟೆಂಬರ್ ಮೊದಲ ವಾರಗಳ ಸಂಘಗಳ ಮೇಳ ತಪ್ಪಿಸಬೇಡಿ, ತಪ್ಪಿದರೆ ಒಳ್ಳೆಯ ಜಾಗಗಳು ಭರ್ತಿ. ಈಜುಕೊಳಕ್ಕೆ ಹುಡುಗರ ಸಡಿಲ ಚಡ್ಡಿ ನಡೆಯದು, ಮೈಗಂಟುವ ಈಜುಡುಗೆ ಬೇಕು, ತಲೆಗೆ ಟೋಪಿಯೂ ಬೇಕು. ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಇನ್ನು ಸುಮಾರು ಆರೇಳು ವಾರಕ್ಕೊಮ್ಮೆ ಎರಡು ವಾರ ರಜೆ. ರಜೆಗೆ ದೇಶವನ್ನು ಮೂರು ವಲಯ ಮಾಡಿದ್ದಾರೆ, ತುಲೂಸ್ 'ಸಿ' ವಲಯ, ರಜೆಯ ಪಟ್ಟಿ ನೋಡುವಾಗ ಆ ಅಕ್ಷರ ನೋಡಿ.

ಅಜ್ಜಿ ತಾತನ ಜೊತೆ ವಿಡಿಯೊ ಕಾಲ್‌ಗೂ ಬುಧವಾರವೇ ಸರಿ. ಇಲ್ಲಿ ಮಧ್ಯಾಹ್ನ 2 ಅಂದರೆ ಅಲ್ಲಿ ಬೇಸಿಗೆಯಲ್ಲಿ 5.30, ಚಳಿಗಾಲದಲ್ಲಿ 6.30. ಬೇರೆ ದಿನ ಮಕ್ಕಳು ಮನೆಗೆ ಬಂದು ತಿಂಡಿ ತಿನ್ನುವ ಹೊತ್ತಿಗೆ ಚಳಿಗಾಲದಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿರುತ್ತದೆ.

ಮತ್ತೊಬ್ಬರು, ಅಡುಗೆಮನೆ ಮತ್ತು ಅಂಗಡಿ:
ಅಂಗಡಿಗೆ ಕಾಲಿಟ್ಟ ಕೂಡಲೇ 'ಬೊಂಜೂರ್'. ಗಾಂಧಿ ಬಜಾರಿನ ಹಾಗೆ ನೇರವಾಗಿ 'ಇದೆಷ್ಟು' ಅಂತ ಶುರು ಮಾಡಿದರೆ ಎದುರಿನವರ ಮುಖ ಬಿಗಿಯಾಗುತ್ತದೆ. ಭಾಷೆಯಲ್ಲಿ 'ವೂ' ಮತ್ತು 'ತ್ಯು' ನಮ್ಮ ನೀವು-ನೀನು ಇದ್ದ ಹಾಗೇ, ಕನ್ನಡಿಗರಿಗೆ ಇದು ಕಷ್ಟವಲ್ಲ. ಆದರೆ ಶಿಶುವಿಹಾರದ ಮಕ್ಕಳು ಟೀಚರಿಗೆ 'ತ್ಯು' ಅನ್ನುತ್ತಾರೆ, ತಿದ್ದಲು ಹೋಗಬೇಡಿ. ಬೇಕರಿಯಲ್ಲಿ ಚಾಕೊಲೇಟ್ ತುಂಬಿದ ಪದರದ ಬನ್ನಿಗೆ ಈ ಊರಲ್ಲಿ 'ಶೊಕೊಲಾತಿನ್' ಅನ್ನಬೇಕು. ಪ್ಯಾರಿಸ್ಸಿನವರ ಹಾಗೆ 'ಪ್ಯಾಂ ಓ ಶೊಕೊಲಾ' ಅಂದರೆ ಕೊಡುತ್ತಾರೆ, ಜೊತೆಗೊಂದು ನಗೆಯನ್ನೂ ಕೊಡುತ್ತಾರೆ. ತರಕಾರಿಗೆ ಭಾನುವಾರ ಬೆಳಿಗ್ಗೆ ಸಾಂತ್ ಒಬಾಂ ಸಂತೆ. ವಿಕ್ತರ್ ಹ್ಯೂಗೊ ಮಾರುಕಟ್ಟೆ ಸೋಮವಾರ ಮುಚ್ಚಿರುತ್ತದೆ.

ಹಾಲಿನ ಮುಚ್ಚಳ: ಕೆಂಪು ಪೂರ್ತಿ ಕೆನೆ, ನೀಲಿ ಅರ್ಧ, ಹಸಿರು ಕೆನೆ ತೆಗೆದದ್ದು. ಫ್ರಿಜ್ಜಿನಲ್ಲಿಟ್ಟ ತಾಜಾ ಕೆಂಪು ಮುಚ್ಚಳದ ಹಾಲು ತನ್ನಿ. ಹೆಪ್ಪಿಗೆ 'ಯಾವೂರ್ತ್ ನಾತ್ಯೂರ್' ಒಂದು ಚಮಚ. 'ಫ್ರೊಮಾಜ್ ಬ್ಲಾಂ' ನೋಡಲು ಮೊಸರಿನ ಹಾಗೇ ಇರುತ್ತದೆ, ಆದರೆ ಅದು ನೀರಿಳಿಸಿದ ಮೆತ್ತನೆಯ ಚೀಸ್. ಅದರಿಂದ ಮಜ್ಜಿಗೆ ಆಗುವುದಿಲ್ಲ. ತುಪ್ಪಕ್ಕೆ 'ದೂ' ಎಂದಿರುವ ಬೆಣ್ಣೆ ಮಾತ್ರ, 'ದೆಮಿ-ಸೆಲ್' ಉಪ್ಪಿನದು. 250 ಗ್ರಾಂ ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ.

ಹಿಟ್ಟಿನ ಪೊಟ್ಟಣದಲ್ಲಿ 'ಟೀ' (T) ಅಕ್ಷರದ ಮುಂದೆ ಅಂಕಿ ಇರುತ್ತದೆ. 45 ನಮ್ಮ ಮೈದಾ, 150 ಪೂರ್ತಿ ಹೊಟ್ಟಿನದು. ಬರೀ 150ರಲ್ಲಿ ಚಪಾತಿ ಅಂಚು ಒಡೆಯುತ್ತದೆ. 110 ಮತ್ತು 55 ಸಮ ಬೆರೆಸಿ, ಬೆಚ್ಚನೆ ನೀರಲ್ಲಿ ಕಲಸಿ ಅರ್ಧ ಗಂಟೆ ಬಿಡಿ. ರವೆಗೆ 'ಸೆಮೂಲ್ ಫೀನ್' ನೋಡಿ. ಪೊಟ್ಟಣದಲ್ಲಿ 'ಕುಸ್ಕುಸ್' ಅಂತ ಎಲ್ಲಾದರೂ ಇದ್ದರೆ ಬೇಡ, ಅದು ಮೊದಲೇ ಬೇಯಿಸಿ ಒಣಗಿಸಿದ್ದು, ಉಪ್ಪಿಟ್ಟು ಮುದ್ದೆಯಾಗುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲು ಓವನ್ ಒಳಗಿಟ್ಟು ದೀಪ ಮಾತ್ರ ಉರಿಸಿ.

ಮಿಕ್ಸಿ ತನ್ನಿ, ಇಲ್ಲೂ 230 ವೋಲ್ಟ್, ಪ್ಲಗ್ಗು ಮಾತ್ರ ಬೇರೆ. ಅಲ್ಯೂಮಿನಿಯಂ ಕುಕ್ಕರ್ ಬೇಡ, ಇಂಡಕ್ಷನ್ ಒಲೆಗೆ ಅದು ಹಿಡಿಯುವುದಿಲ್ಲ. ಒಲೆ, ಓವನ್, ವಾಷಿಂಗ್ ಮೆಷಿನ್ ಒಟ್ಟಿಗೆ ಹಾಕಿದರೆ 6 ಕೆವಿಎ ಮಿತಿಯ ಕರೆಂಟ್ ಮೀಟರ್ ಕಟ್ ಆಗುತ್ತದೆ. ಒಂದನ್ನು ಆರಿಸಿ, 'ಲಿಂಕಿ' ಅನ್ನುವ ಆ ಮೀಟರಿನ '+' ಗುಂಡಿಯನ್ನು ಒತ್ತಿ ಹಿಡಿಯಿರಿ. ಒಗ್ಗರಣೆ ವಾಸನೆಗೋ ಚಳಿಗೋ ಹೆದರಿ ಅಡುಗೆಮನೆ, ಬಚ್ಚಲಿನ ಗಾಳಿ ಜಾಲರಿಗೆ ಬಟ್ಟೆ ತುರುಕಬೇಡಿ. ಒಂದೇ ಚಳಿಗಾಲದಲ್ಲಿ ಗೋಡೆಗೆ ಕಪ್ಪು ಬೂಷ್ಟು ಹತ್ತುತ್ತದೆ, ಬಿಡುವಾಗ ಠೇವಣಿಯಿಂದ ಹಿಡಿಯುತ್ತಾರೆ.

ಮತ್ತೆ ಪ್ರಶ್ನೆ:
ಅತ್ತೆ ಮಾವನನ್ನು ಯಾವ ತಿಂಗಳು ಕರೆಸೋದು?

ಉತ್ತರ:
ಮೇ-ಜೂನ್ ಇಲ್ಲವೇ ಸೆಪ್ಟೆಂಬರ್. ಆಗಸ್ಟ್ ಬೇಡ. ಹೆಚ್ಚಿನ ಮನೆಗಳಲ್ಲಿ ಎಸಿ ಇಲ್ಲ, ಬೀದಿಯ ಬೇಕರಿ, ಡಾಕ್ಟರು ಎಲ್ಲ ರಜೆಯಲ್ಲಿ. ಅವರ ವೀಸಾಗೆ ಮೆರಿಯಿಂದ 'ಅತೆಸ್ತಾಸಿಯೊಂ ದಕೆಯ್', ಅಂದರೆ ಅತಿಥಿಗಳನ್ನು ಮನೆಯಲ್ಲಿ ಇರಿಸಿಕೊಳ್ಳುತ್ತೇವೆ ಅನ್ನುವ ಪತ್ರ, ಪಡೆಯಬೇಕು, 30 ಯೂರೋ ತೆರಿಗೆ ಮುದ್ರೆ. ಮನೆ ಎಷ್ಟು ದೊಡ್ಡದು ಅಂತಲೂ ನೋಡುತ್ತಾರೆ. 180 ದಿನದಲ್ಲಿ 90 ದಿನ ಮಾತ್ರ ಇರಬಹುದು.

ಇನ್ನೊಂದು. ಕರೆಂಟಿನ ಬಿಸಿನೀರಿನ ದೊಡ್ಡ ಡ್ರಮ್ಮು ಸಾಮಾನ್ಯವಾಗಿ ಅಗ್ಗದ ದರವಿರುವ ಹೊತ್ತಲ್ಲಿ, ಹೆಚ್ಚಾಗಿ ರಾತ್ರಿ, ಕಾಯುತ್ತದೆ. ನಾಲ್ಕು ಜನರ ಲೆಕ್ಕದ ನೀರಲ್ಲಿ ಆರು ಜನ ಮಿಂದರೆ ಕೊನೆಯವರಿಗೆ ತಣ್ಣೀರು. ಫ್ಯೂಸ್ ಪೆಟ್ಟಿಗೆಯಲ್ಲಿ 0, ಆಟೊ, 1 ಅಂತ ಮೂರು ಸ್ಥಾನದ ಸಣ್ಣ ಸ್ವಿಚ್ ಇರುತ್ತದೆ. ಮಧ್ಯಾಹ್ನ ಅದನ್ನು 1ಕ್ಕೆ ಹಾಕಿ, ನೀರು ಕಾದ ಮೇಲೆ ಮರೆಯದೆ ಆಟೊಗೆ ತನ್ನಿ.