ಪಾರ್ಕ್ ಪಕ್ಕದ ಮನೆ ಹಿಡಿದರೆ ಆಸ್ಪತ್ರೆ ಖರ್ಚು ಉಳಿಯುತ್ತಾ?

ಪ್ರಶ್ನೆ: ಡಾಕ್ಟ್ರೇ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುತ್ತಿದ್ದೇವೆ. ಅಮ್ಮನಿಗೆ 68. ಬಿಪಿ ಇದೆ, ಮಂಡಿ ನೋವಿದೆ. ಎರಡು ಮನೆ ಮನಸ್ಸಿಗೆ ಬಂದಿವೆ. ಒಂದರ ಬಾಲ್ಕನಿಯಿಂದ ಪಾರ್ಕ್ ಕಾಣುತ್ತದೆ, ಆದರೆ ಬಾಡಿಗೆ ತಿಂಗಳಿಗೆ 6,000 ಜಾಸ್ತಿ. ಬ್ರೋಕರ್ ಒಂದು ವಾಟ್ಸಾಪ್ ಫಾರ್ವರ್ಡ್ ತೋರಿಸಿದರು. ಹಸಿರಿನ ಹತ್ತಿರ ಇರುವವರಿಗೆ ವರ್ಷಕ್ಕೆ 374 ಡಾಲರ್ ಆಸ್ಪತ್ರೆ ಖರ್ಚು ಉಳಿಯುತ್ತದಂತೆ, ಅಮೆರಿಕದಲ್ಲಿ ಸಾಬೀತಾಗಿದೆಯಂತೆ. ನಿಜವಾ, ಸುಮ್ನೆ ಬಿಡ್ತಿದಾರಾ?

ಉತ್ತರ (ಸಮುದಾಯ ಆರೋಗ್ಯ ವೈದ್ಯರು): 374 ಡಾಲರ್ ಅನ್ನುವುದು ನಿಜ. ಅದನ್ನು ಬಾಡಿಗೆಗೆ ಜೋಡಿಸಿದ್ದು ಬ್ರೋಕರ್ ಬುದ್ಧಿವಂತಿಕೆ.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಅಂತ ಸಂಸ್ಥೆ ಇದೆ. ವಿಮೆಯೂ ಅವರದೇ, ಆಸ್ಪತ್ರೆಯೂ ಅವರದೇ. ಹಾಗಾಗಿ ಒಬ್ಬ ಸದಸ್ಯರ ಮೇಲೆ ವರ್ಷಕ್ಕೆ ಎಷ್ಟು ಖರ್ಚಾಯಿತು ಅನ್ನುವುದು ಒಂದೇ ಕಡೆ ಸಿಗುತ್ತದೆ. 2003ರಿಂದ 2015ರವರೆಗೆ ಸುಮಾರು 50 ಲಕ್ಷ ಜನರ ಲೆಕ್ಕ ತೆಗೆದು, ಅವರ ಮನೆ ಸುತ್ತ ಎಷ್ಟು ಹಸಿರಿದೆ ಅಂತ ಉಪಗ್ರಹದ ಚಿತ್ರದಲ್ಲಿ ಅಳೆದರು. ವಯಸ್ಸು, ಬಡಾವಣೆಯ ಆದಾಯ ಇಂಥದ್ದನ್ನೆಲ್ಲ ಸರಿದೂಗಿಸಿದ ಮೇಲೂ, ತುಂಬಾ ಹಸಿರಿನಲ್ಲಿ ಇದ್ದವರ ಖರ್ಚು ತೀರಾ ಕಡಿಮೆ ಹಸಿರಿನಲ್ಲಿ ಇದ್ದವರಿಗಿಂತ ವರ್ಷಕ್ಕೆ ತಲಾ 374 ಡಾಲರ್ ಕಡಿಮೆ ಇತ್ತು. 2022ರಲ್ಲಿ ಇದು ಪ್ರಕಟವಾಯಿತು.

ಈಗ ನಿಮ್ಮ ಲೆಕ್ಕ ನೋಡೋಣ. 374 ಡಾಲರ್ ಅಂದರೆ 30 ಸಾವಿರ ರೂಪಾಯಿಗಿಂತ ಸ್ವಲ್ಪ ಮೇಲೆ. ನೀವು ಜಾಸ್ತಿ ಕೊಡಬೇಕಾದ ಬಾಡಿಗೆ ವರ್ಷಕ್ಕೆ 72,000. ಅಮೆರಿಕದ ಆಸ್ಪತ್ರೆ ದರದಲ್ಲೇ ಉಳಿದರೂ ನಿಮಗೆ ಲಾಸೇ! ಅಲ್ಲದೆ ಅದು 50 ಲಕ್ಷ ಜನರ ಸರಾಸರಿ. ಹೆಚ್ಚಿನವರು ವರ್ಷಕ್ಕೆ ಒಂದೆರಡು ಸಲ ಡಾಕ್ಟರ್ ನೋಡಿ ಬರುವವರು. ಕೆಲವರದು ಮಾತ್ರ ಲಕ್ಷಗಟ್ಟಲೆ ಬಿಲ್ಲು. ಅಂಥ ಒಂದಿಷ್ಟು ದೊಡ್ಡ ಬಿಲ್ಲು ತಪ್ಪಿದರೂ ಸರಾಸರಿ ಇಳಿಯುತ್ತದೆ. ಆ ಉಳಿತಾಯ ವಿಮೆಯವರಿಗೆ ಕಾಣುತ್ತದೆ, ನಿಮ್ಮ ಪರ್ಸಿಗಲ್ಲ.

ಇನ್ನೊಂದು ಮಾತು. ಎಲೆಯಿಂದ ಬರುವ ಬೆಳಕನ್ನು ನೋಡಿ ಉಪಗ್ರಹ ಹಸಿರು ಅಳೆಯುತ್ತದೆ. ಅದಕ್ಕೆ ಹೊಂಗೆ ಮರವೂ ಹಸಿರೇ, ಖಾಲಿ ಸೈಟಿನ ಕಾಂಗ್ರೆಸ್ ಗಿಡವೂ ಹಸಿರೇ. ಕಾಂಗ್ರೆಸ್ ಗಿಡದಿಂದ ಮೈ ತುರಿಕೆ, ಸೀನು ಹತ್ತಿಸಿಕೊಂಡು ಬಂದವರನ್ನು ನಾನೇ ಎಷ್ಟೋ ನೋಡಿದ್ದೇನೆ.

ಸದಸ್ಯರು: ಹಸಿರು ಬಡಾವಣೆಯಲ್ಲಿ ಇರೋರು ದುಡ್ಡಿರೋರು. ಆರೋಗ್ಯ ಚೆನ್ನಾಗಿರೋದು ದುಡ್ಡಿನಿಂದ, ಮರದಿಂದಲ್ಲ. ಅಲ್ವಾ?

ಉತ್ತರ: ಈ ಅನುಮಾನ ಇರಲೇಬೇಕು. ಲೆಕ್ಕದಲ್ಲಿ ಎಷ್ಟೇ ಸರಿದೂಗಿಸಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಅದಕ್ಕೇ ಫಿಲಡೆಲ್ಫಿಯಾದಲ್ಲಿ ಮಾಡಿದ ಕೆಲಸ ನನಗೆ ಇಷ್ಟ. ಅಲ್ಲಿ 541 ಪಾಳು ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕಸ ತೆಗೆದು ಹುಲ್ಲು ಹಾಕಿ, ಒಂದಷ್ಟು ಗಿಡ ನೆಟ್ಟರು. ಇನ್ನೊಂದರಲ್ಲಿ ಬರೀ ಕಸ ತೆಗೆದರು. ಮೂರನೆಯದನ್ನು ಹಾಗೇ ಬಿಟ್ಟರು. ಯಾರೂ ಮನೆ ಬದಲಿಸಿ ಹಸಿರು ಹುಡುಕಿಕೊಂಡು ಬಂದದ್ದಲ್ಲ, ಹಸಿರೇ ಅವರ ಬೀದಿಗೆ ಬಂತು. ಮನಸ್ಸು ಕುಗ್ಗಿದೆ ಅನ್ನುವವರು, ಏನೂ ಮಾಡದ ಕಡೆಗೆ ಹೋಲಿಸಿದರೆ, ಗಿಡ ನೆಟ್ಟ ಕಡೆ ಶೇ. 41.5ರಷ್ಟು ಕಡಿಮೆಯಾದರು. ಬಡವರ ಬೀದಿಗಳಲ್ಲಿ ಪರಿಣಾಮ ಇನ್ನೂ ಜಾಸ್ತಿ. 2018ರ ಅಧ್ಯಯನ ಇದು.

ಸದಸ್ಯರು: ನಮ್ಮದು ತೀರ್ಥಹಳ್ಳಿ ಕಡೆ. ಎದ್ದರೆ ಬಿದ್ದರೆ ಹಸಿರೇ. ಅಪ್ಪನಿಗೆ ಶುಗರ್ ಬಂತು, ಖರ್ಚೇನೂ ಕಡಿಮೆ ಆಗಿಲ್ಲ ನೋಡಿ.

ಉತ್ತರ: ಹ್ಹ ಹ್ಹ. ಈ ಅಧ್ಯಯನಗಳೆಲ್ಲ ಹೆಚ್ಚಾಗಿ ಊರೊಳಗಿನ ಹಸಿರಿನ ಬಗ್ಗೆ. ಕಾಡಂಚಿನ ಲೆಕ್ಕವೇ ಬೇರೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಸೌದೆಗೆ, ದರಗಿಗೆ ಹೋದವರಿಗೆ ಉಣುಗು ಕಚ್ಚಿಯೇ ಅದು ಬರುವುದು. ಆಮೇಲೆ, ಆಸ್ಪತ್ರೆ ದೂರ ಇದ್ದರೆ ಬಿಲ್ಲಿನ ಜೊತೆ ಗಾಡಿ ಬಾಡಿಗೆಯೂ ಸೇರುತ್ತದೆ.

ಇದನ್ನೂ ಗಮನಿಸಿ. 2021–22ರಲ್ಲಿ ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4 ಜನರು ಸ್ವಂತ ಜೇಬಿನಿಂದ ಕೊಟ್ಟದ್ದು. ದುಡ್ಡಿಲ್ಲ ಅಂತ ಆಸ್ಪತ್ರೆಗೇ ಹೋಗದವರ ಖರ್ಚೂ ಕಡಿಮೆಯೇ ಕಾಣುತ್ತದೆ. ಅದನ್ನು ಆರೋಗ್ಯ ಅನ್ನಲಾಗುತ್ತದಾ?

ಪ್ರಶ್ನೆ ಕೇಳಿದವರು: ಕಿಟಕಿಯಿಂದ ಮರ ಕಂಡರೆ ಸಾಕು, ರೋಗಿ ಬೇಗ ಹುಷಾರಾಗುತ್ತಾನೆ ಅಂತ ಎಲ್ಲೋ ಓದಿದ್ದೆ. ಬಾಲ್ಕನಿಗೆ ಆಸೆಪಟ್ಟಿದ್ದು ಅದಕ್ಕೇ.

ಉತ್ತರ: ಅದು ರೋಜರ್ ಉಲ್ರಿಚ್ ಅವರ 1984ರ ಅಧ್ಯಯನ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆಸಿಕೊಂಡ 46 ಜನ. ಅರ್ಧ ಜನರ ಕಿಟಕಿಗೆ ಮರ, ಅರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಜೋರಾದ ನೋವಿನ ಔಷಧಿಯೂ ಮರದ ಕಡೆಯವರಿಗೆ ಕಡಿಮೆ ಬೇಕಾಯಿತು. ಆದರೆ ಅವರೆಲ್ಲ ಹಾಸಿಗೆ ಹಿಡಿದವರು. ನಿಮ್ಮ ಅಮ್ಮ ಓಡಾಡುವವರು.

ಅವರಿಗೆ ಹತ್ತಿರ ಬರುವುದು ಫಿನ್‌ಲೆಂಡಿನ ಅಧ್ಯಯನ. ಹೆಲ್ಸಿಂಕಿ ಸುತ್ತಮುತ್ತಲಿನ ಸುಮಾರು 6,000 ಜನರನ್ನು ಕೇಳಿದರು. ವಾರಕ್ಕೆ ಮೂರು ನಾಲ್ಕು ಸಲ ಹಸಿರಿಗೆ ಹೋಗಿಬರುವವರು ಬಿಪಿ ಮಾತ್ರೆ ನುಂಗುವ ಸಾಧ್ಯತೆ, ವಾರಕ್ಕೆ ಒಂದು ಸಲವೂ ಹೋಗದವರಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಮನೆಯಿಂದ ಹಸಿರು ಕಾಣುತ್ತದೆ ಅನ್ನುವುದಕ್ಕೂ ಮಾತ್ರೆಗೂ ಮಾತ್ರ ಸಂಬಂಧ ಕಾಣಲಿಲ್ಲ. ಬಿಪಿ ಮಾತ್ರೆ ನಿಲ್ಲಿಸಿ ಪಾರ್ಕಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ, ಮತ್ತೆ! ಅಮ್ಮನನ್ನು ಕರೆದುಕೊಂಡು ಆ ಮನೆಯ ಬಾಗಿಲಿನಿಂದ ಪಾರ್ಕಿನ ಗೇಟಿನ ತನಕ ಒಮ್ಮೆ ನಡೆದು ನೋಡಿ.

ಪ್ರಶ್ನೆ ಕೇಳಿದವರು: ಭಾನುವಾರ ಹೋಗಿದ್ದೆವು. ಪಾರ್ಕ್ ಎದುರಿಗೇ ಇದೆ, ಆದರೆ ಗೇಟು ಹಿಂದಿನ ರಸ್ತೆಗೆ. ಸುತ್ತಿಕೊಂಡು ಹೋಗಲು ಅಮ್ಮನ ನಡಿಗೆಯಲ್ಲಿ 14 ನಿಮಿಷ. ಮಧ್ಯೆ ಸಿಗ್ನಲ್ ಇಲ್ಲದ ಮೇನ್ ರೋಡ್. ಅರ್ಧಕ್ಕೇ "ಸಾಕು ಕಣೋ" ಅಂದರು. ಇನ್ನೊಂದು ಮನೆಯ ಹತ್ತಿರ ಪಾರ್ಕ್ ಇಲ್ಲ. ಬೀದಿಯ ಎರಡೂ ಕಡೆ ಹೊಂಗೆ ಮರ, ಕೊನೆಯಲ್ಲಿ ಅರಳಿಕಟ್ಟೆ.

ಉತ್ತರ: ಹಾಗಿದ್ದರೆ ನನ್ನ ಓಟು ಹೊಂಗೆ ಬೀದಿಗೆ. ನಮ್ಮ ಬೆಂಗಳೂರಿನಲ್ಲೇ ಮರ ಇರುವ, ಇಲ್ಲದ ಬೀದಿಗಳನ್ನು ಹರಿಣಿ ನಾಗೇಂದ್ರ ಮತ್ತು ಜೊತೆಯವರು ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಮಧ್ಯಾಹ್ನ ಮರದ ಬೀದಿಯಲ್ಲಿ ಗಾಳಿಯ ಬಿಸಿ 5.6 ಡಿಗ್ರಿ ತನಕ ಕಡಿಮೆ, ಡಾಂಬರಿನ ಬಿಸಿ 27.5 ಡಿಗ್ರಿ ತನಕ ಕಡಿಮೆ. ಧೂಳೂ ಕಡಿಮೆ. ಏಪ್ರಿಲ್‌ನಲ್ಲಿ ಅಮ್ಮ ಹೊರಗೆ ಕಾಲಿಡುತ್ತಾರೋ ಇಲ್ಲವೋ ಅನ್ನುವುದು ಇದರ ಮೇಲೇ ನಿಂತಿದೆ. ಅಂದಹಾಗೆ, ಮಂಡಿ ನೋವಿದೆ ಅಂದಿರಿ. ಕಟ್ಟೆಯ ಎತ್ತರ ಆಗುತ್ತದಾ, ಕೂರಿಸಿ ನೋಡಿ.

ಪ್ರಶ್ನೆ ಕೇಳಿದವರು: ಕೂರಿಸಿದೆ ಡಾಕ್ಟ್ರೇ. ಎತ್ತರ ಸರಿಯಾಗಿದೆ, ಆದರೆ ಅಮ್ಮ ಏಳಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಹಾಸನದ ಕಡೆಯವರಂತೆ, ಮುಕ್ಕಾಲು ಗಂಟೆ ಮಾತು. ಅಷ್ಟರಲ್ಲಿ ನಾನು ಹೋಗಿ ಅಡ್ವಾನ್ಸ್ ಕೊಟ್ಟು ಬಂದೆ.