ಸಹಾಯ ಬೇಕು: ಈ ಓಕ್ ಮರ ರೋಬರ್, ಪೆಟ್ರಿಯಾ ಅಥವಾ ಎರಡರ ಮಿಶ್ರತಳಿಯೇ?

ಮೂರು ವಾರಗಳಿಂದ ಒಂದೇ ಓಕ್ ಮರದ ಕೆಳಗೆ ನಿಂತು ನೋಡುತ್ತಿದ್ದೇನೆ. ಎಲೆಯ ಅಂಚು ಅಲೆಯಂತೆ ದುಂಡಗೆ ಬಾಗಿದೆ, ಹಾಲೆಗಳ (ಅಂಚಿನಿಂದ ಹೊರಚಾಚಿದ ಭಾಗಗಳ) ತುದಿಯಲ್ಲಿ ಬಿರುಗೂದಲಿಲ್ಲ. ಆದ್ದರಿಂದ ಅಂಥ ಬಿರುಗೂದಲಿರುವ ಕೆಂಪು ಓಕ್ ಗುಂಪನ್ನು ಕೈಬಿಟ್ಟೆ. ಈಗ ಅನುಮಾನವೆಲ್ಲ ಕ್ವೆರ್ಕಸ್ ರೋಬರ್ ಮತ್ತು ಕ್ವೆರ್ಕಸ್ ಪೆಟ್ರಿಯಾ ಎಂಬ ಎರಡು ಓಕ್ ಪ್ರಭೇದಗಳ ಮೇಲೆಯೇ.

ರೋಬರ್‌ನಲ್ಲಿ ಎಲೆಯ ತೊಟ್ಟು ಇದ್ದೂ ಇಲ್ಲದಂತಿರುತ್ತದೆ, ಎಲೆಯ ಬುಡದಲ್ಲಿ ಕಿವಿಯಂಥ ಎರಡು ಪುಟ್ಟ ಹಾಲೆಗಳಿರುತ್ತವೆ, ಕಾಯಿ ಮಾತ್ರ ಉದ್ದನೆಯ ತೊಟ್ಟಿನಲ್ಲಿ ತೂಗುತ್ತದೆ. ಪೆಟ್ರಿಯಾದಲ್ಲಿ ಇದು ತಿರುವುಮುರುವು: ಎಲೆಗೆ ಸ್ಪಷ್ಟವಾದ ತೊಟ್ಟು, ಕಾಯಿ ರೆಂಬೆಗೇ ಅಂಟಿಕೊಂಡಂತೆ. ನಾನು ಅಳೆದ ಕಾಯಿಗಳಿಗೆ 4 ಸೆಂ.ಮೀ. ತೊಟ್ಟಿದೆ, ಎಲೆಗಳಿಗೂ 1 ಸೆಂ.ಮೀ.ಗಿಂತ ಹೆಚ್ಚು! ಕಿವಿಗಳು ಕೆಲವು ಎಲೆಗಳಲ್ಲಿವೆ, ಕೆಲವದರಲ್ಲಿ ಇಲ್ಲ. ಈ ಎರಡು ಪ್ರಭೇದಗಳು ಬೆರೆಯುತ್ತವೆ ಎಂಬುದು ಗೊತ್ತಿರುವ ವಿಷಯ, ಆದರೆ ಅವಸರದಲ್ಲಿ ಮಿಶ್ರತಳಿ ಎಂದು ಬರೆದುಬಿಡಲು ಮನಸ್ಸು ಒಪ್ಪುತ್ತಿಲ್ಲ.

ಅನುಭವಿಗಳು ದಯವಿಟ್ಟು ತಿಳಿಸಿ: ಪೆಟ್ರಿಯಾ ಎಲೆಯ ಅಡಿಭಾಗದ ನಕ್ಷತ್ರಾಕಾರದ ಸೂಕ್ಷ್ಮ ರೋಮಗಳನ್ನು ಕಾಣಲು 10 ಪಟ್ಟು ಹಿಗ್ಗಿಸುವ ಮಸೂರ ಸಾಕೇ? ಬಿಸಿಲಿನ ಎಲೆಗೂ ನೆರಳಿನ ಎಲೆಗೂ ಆಕಾರ ಬೇರೆಯಾಗುವುದರಿಂದ, ಮಾದರಿಗಳನ್ನು ಮರದ ಯಾವ ಭಾಗದಿಂದ ಆರಿಸಬೇಕು? ವಿವರಣೆಯಲ್ಲಿ ತೊಗಟೆ, ಮೊಗ್ಗುಗಳ ಬಗ್ಗೆ ಏನೇನು ದಾಖಲಿಸಲಿ? ಎಲೆಗಳು ಉದುರುವ ಮೊದಲೇ ಮತ್ತೊಮ್ಮೆ ಅಳೆಯಬೇಕೆಂದಿದ್ದೇನೆ.