ಮಗಳನ್ನು ಟಿವಿ ಹಾಡಿನ ಸ್ಪರ್ಧೆಗೆ ಕಳಿಸಬೇಕಾ? ಹೋಗಿ ಬಂದವರು ಅನುಭವ ಹೇಳಿ

ತುಮಕೂರಿನ ತಾಯಿ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ, ಆರನೇ ಕ್ಲಾಸು. ಕರ್ನಾಟಕ ಸಂಗೀತ ಜೂನಿಯರ್ ಪರೀಕ್ಷೆ ಮುಗಿದಿದೆ, ಸಿನಿಮಾ ಹಾಡೂ ಚೆನ್ನಾಗಿ ಹಾಡುತ್ತಾಳೆ. ಮುಂದಿನ ತಿಂಗಳು ನಮ್ಮೂರಿನಲ್ಲೇ ಮಕ್ಕಳ ಶೋ ಒಂದರ ಆಡಿಷನ್ ಇದೆ. ಅವಳು ಹೋಗಲೇಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮ ಯಜಮಾನರು ಬೇಡ ಅನ್ನುತ್ತಾರೆ. ಸಂಗೀತದ ಮೇಡಂ "ಇನ್ನೂ ಎರಡು ವರ್ಷ ಕಾಯಿರಿ" ಅಂದಿದ್ದಾರೆ. ಆಯ್ಕೆ ಆದರೆ ಶಾಲೆ ಕತೆ ಏನು? ಖರ್ಚು ಎಷ್ಟು ಬರುತ್ತದೆ? ಸಿನಿಮಾ ಹಾಡಿಗೆ ಬಿದ್ದರೆ ಶಾಸ್ತ್ರೀಯ ಕೆಡುತ್ತದಾ?

ಹಾಸನದ ಅಪ್ಪ:
ಖರ್ಚು ಕೇಳಿದ್ದೀರಿ, ಅದನ್ನೇ ಹೇಳುತ್ತೇನೆ. ಲೆಕ್ಕ ಬರೆದ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಮಗನಿಗೆ ಆಗ ಒಂಬತ್ತು ವರ್ಷ. ಆಡಿಷನ್ ಪುಕ್ಕಟೆ. ಬೆಳಗಿನ ಜಾವ ಸಾಲಿನಲ್ಲಿ ನಿಂತೆವು, ಅವನ ನಂಬರ್ ಬರುವಾಗ ದೀಪ ಹತ್ತಿಸುವ ಹೊತ್ತು. ಹಾಡಿಸಿದ್ದು ಪಲ್ಲವಿ ಮತ್ತು ಅರ್ಧ ಚರಣ. ಆಯ್ಕೆ ಆಯಿತು, ಬೆಂಗಳೂರಿಗೆ ಕರೆದರು. ಖರ್ಚು ಶುರುವಾಗಿದ್ದು ಅಲ್ಲಿಂದ.

ಸ್ಟುಡಿಯೊ ಊರಾಚೆ. ಹತ್ತಿರದ ಲಾಡ್ಜ್ ದಿನಕ್ಕೆ 1,400. ಶೂಟಿಂಗ್ ದಿನ ಊಟ, ವಸತಿ ಅವರದು. ಆದರೆ ರಿಹರ್ಸಲ್‌ಗೆ ಮುಂಚೆಯೇ ಬನ್ನಿ ಅನ್ನುತ್ತಿದ್ದರು, ಆ ದಿನಗಳದ್ದೆಲ್ಲ ನಮ್ಮ ಜೇಬಿಂದ. ಆಟೊ ಒಂದು ಕಡೆಗೆ 350. ಬಟ್ಟೆ ಅವರದು, ಶೂ ನಮ್ಮದು. ಬಿಳಿ ಶೂ ಬೇಕು ಅಂದರು, 2,200 ಕೊಟ್ಟು ತಂದೆ. ಮುಂದಿನ ವಾರ ಕಪ್ಪು ಅಂದರು. ಸಿನಿಮಾ ಹಾಡು ತಿದ್ದಿಸಲು ಬೆಂಗಳೂರಿನ ಒಬ್ಬರ ಹತ್ತಿರ ಕ್ಲಾಸು, ಗಂಟೆಗೆ 800. ಅವನ ಶ್ರುತಿಗೆ ಟ್ರ್ಯಾಕ್ (ಹಾಡಿನ ಹಿಂದಿನ ವಾದ್ಯಗಳ ರೆಕಾರ್ಡಿಂಗ್) ಮಾಡಿಸಲು ಹಾಡಿಗೆ 3,000. ನನ್ನ ಅಂಗಡಿ ಬಾಗಿಲು ಹಾಕಿದ ನಷ್ಟವೂ ಸೇರಿದರೆ 1,86,000 ಚಿಲ್ಲರೆ. ಗಂಟಲು ಕಟ್ಟಿ ಡಾಕ್ಟರಿಗೆ ತೋರಿಸಿದ್ದು ಇದರಲ್ಲಿ ಬಂದಿಲ್ಲ.

ದುಡ್ಡು ಹೋಗಲಿ. ಎಪಿಸೋಡ್ ಬಂದ ರಾತ್ರಿ ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಕೂತಿದ್ದರು. ಎರಡು ಹಾಡು ಹಾಡಿದ್ದ. ಒಂದನ್ನು ಪೂರ್ತಿ ಕತ್ತರಿಸಿದ್ದರು. ಇನ್ನೊಂದರಲ್ಲಿ ಅವನ ಮುಖಕ್ಕಿಂತ ಜಡ್ಜ್‌ಗಳ ಮುಖವೇ ಜಾಸ್ತಿ. ಮುಂದಿನ ವಾರ ಎಲಿಮಿನೇಷನ್. ಆಮೇಲೆ ಅವನು ಒಂದು ವರ್ಷ ಹಾರ್ಮೋನಿಯಂ ಮುಟ್ಟಲಿಲ್ಲ. ಚಾನೆಲ್ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ.

ಧಾರವಾಡದ ಅವ್ವ:
ಹಾಸನದ ಸರ್, ನಿಮ್ಮ ಮಗ ಬೇಗ ಹೊರಗೆ ಬಂದ ಅಂತ ಬೇರೆಯವರ ಮಕ್ಕಳನ್ನು ಯಾಕೆ ಹೆದರಿಸುತ್ತೀರಿ? ನನ್ನ ಮಗಳು ಅದೇ ಥರದ ಶೋನಲ್ಲಿ ಕೊನೆಯ ವಾರಗಳವರೆಗೆ ಇದ್ದಳು. ಅಲ್ಲಿ ಕಲಿತಿದ್ದನ್ನು ಊರಿನ ಯಾವ ಕ್ಲಾಸಿನಲ್ಲೂ ಕಲಿಯುತ್ತಿರಲಿಲ್ಲ. ಮೈಕ್ ಎಷ್ಟು ದೂರ ಹಿಡಿಯಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಕಿವಿಗೆ ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸುವ ಸಾಧನ) ಹಾಕಿಕೊಂಡು ಶ್ರುತಿ ಹೇಗೆ ಹಿಡಿಯಬೇಕು, "ಶ" ಮತ್ತು "ಷ" ಹೇಗೆ ಬೇರೆ ಮಾಡಿ ಹೇಳಬೇಕು. ಇದನ್ನೆಲ್ಲ ಕಲಿಸುವವರು ದಿನವಿಡೀ ಜೊತೆಗೆ ಇದ್ದರು. ನಾವು ಒಂದು ಪೈಸೆ ಫೀಸು ಕಟ್ಟಿಲ್ಲ.

ಈಗ ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ ಅಂತ ಕರೆಯುತ್ತಾರೆ. ಒಂದು ಕಾರ್ಯಕ್ರಮಕ್ಕೆ 20,000, ಗಾಡಿ ಬಾಡಿಗೆ ಬೇರೆ. ಎಸ್‌ಎಸ್‌ಎಲ್‌ಸಿಯಲ್ಲಿ ಡಿಸ್ಟಿಂಕ್ಷನ್ ಬಂತು. ಶಾಲೆ ಹಾಳಾಗುತ್ತದೆ ಅನ್ನುವವರು ಬಂದು ಅವಳ ಮಾರ್ಕ್ಸ್ ಕಾರ್ಡ್ ನೋಡಲಿ.

ಆರ್ಕೆಸ್ಟ್ರಾ ಕೀಬೋರ್ಡ್:
ಆ 20,000 ಯಾರ ತಟ್ಟೆಯಿಂದ ಬಂತು ಅಂತಲೂ ಹೇಳಿ ಮೇಡಂ. ನಮ್ಮ ತಂಡದಲ್ಲಿ ರಾತ್ರಿ ಪೂರ್ತಿ ಹಾಡುವ ಗಾಯಕಿ ಇದ್ದಾರೆ. ಜಾನಕಿ, ಚಿತ್ರಾ, ವಾಣಿ ಜಯರಾಂ, ಯಾರ ಹಾಡು ಕೇಳಿದರೂ ಚೀಟಿ ನೋಡದೆ ಹಾಡುತ್ತಾರೆ. ಅವರಿಗೆ ಒಂದು ರಾತ್ರಿಗೆ 3,000. ಕಮಿಟಿಯವರು ಮೊದಲು ಕೇಳುವುದೇ "ಟಿವಿಯಲ್ಲಿ ಬಂದವರು ಯಾರಿದ್ದಾರೆ?" ಟಿವಿ ಮಗು ಬಂದು ನಾಲ್ಕು ಹಾಡು ಹಾಡಿ, ಫೋಟೊ ತೆಗೆಸಿಕೊಂಡು ಹೋಗುತ್ತದೆ. ಉಳಿದ ರಾತ್ರಿ ಎಳೆಯುವುದು ನಾವು. ಒಟ್ಟು ಬಜೆಟ್ ಅಷ್ಟೇ ಇರುತ್ತದೆ, ಅಲ್ಲಿಗೆ ಜಾಸ್ತಿ ಹೋದರೆ ನಮಗೆ ಕಡಿಮೆ ಬರುತ್ತದೆ.

ಇನ್ನೊಂದು ವಿಷಯ. ಟಿವಿಯಲ್ಲಿ ನೀವು ಕೇಳುವುದು ವೇದಿಕೆಯ ಹಸಿ ದನಿ ಅಲ್ಲ. ಮಿಕ್ಸಿಂಗ್ ಆದಮೇಲೆ ಬರುತ್ತದೆ. ಶ್ರುತಿ ತಿದ್ದುವ ಸಾಫ್ಟ್‌ವೇರ್ ಈಗ ಮನೆಯ ಕಂಪ್ಯೂಟರಿನಲ್ಲೂ ಸಿಗುತ್ತದೆ. ಆ ಮಕ್ಕಳೇ ಮೈದಾನದಲ್ಲಿ, ಇಬ್ಬನಿ ಬೀಳುವಾಗ, ಹಳೆಯ ಮಾನಿಟರ್ ಸ್ಪೀಕರ್ ಮುಂದೆ ಹಾಡುವಾಗ ಹಿಂದೆ ನಿಂತು ನುಡಿಸಿದವನು ನಾನು.

ಧಾರವಾಡದ ಅವ್ವ:
ನನ್ನ ಮಗಳು ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗುರುಗಳ ಹತ್ತಿರ ಕೂತು ಕಲಿತವಳು. ಅವಳಿಗೆ ಸಾಫ್ಟ್‌ವೇರ್ ಬೇಡ. ನಿಮ್ಮ ಗಾಯಕಿಗೆ 3,000 ಕೊಡುವುದು ನಿಮ್ಮ ತಂಡದ ಯಜಮಾನ. ಜಗಳ ಅವರ ಹತ್ತಿರ ಆಡಿ.

ಹಾಡಿನ ಹುಚ್ಚ:
ನನಗೆ ಮಕ್ಕಳಿಲ್ಲ, ಆಡಿಷನ್‌ಗೂ ಹೋದವನಲ್ಲ. ಆದರೆ ಈಟಿವಿಯಲ್ಲಿ "ಎದೆ ತುಂಬಿ ಹಾಡುವೆನು" ಬರುವಾಗಿಂದ ಒಂದೂ ಶೋ ಬಿಡದೆ ನೋಡಿದ್ದೇನೆ. ಎಸ್‌ಪಿಬಿ ಮಕ್ಕಳ ತಪ್ಪನ್ನು ತಾವೇ ಹಾಡಿ ತೋರಿಸಿ ತಿದ್ದುತ್ತಿದ್ದರು. ಈಗಿನ ಶೋಗಳಲ್ಲಿ ಆ ಹೊತ್ತನ್ನು ವಿಟಿ ತಿಂದಿದೆ. ಮಗು ಹಾಡುವ ಮುಂಚೆ ಮನೆಯ ಕಷ್ಟ, ಅಪ್ಪನ ಸಾಲ, ಅಮ್ಮನ ಕಣ್ಣೀರು ತೋರಿಸುವ ಆ ತುಣುಕು ಇದೆಯಲ್ಲ, ಅದು. ನನಗೆ ಇದರ ಮೇಲೆ ಬಹಳ ಸಿಟ್ಟಿದೆ.

ಗೆಲ್ಲುವ ವಿಷಯ ಕೇಳಿ. ಸಂಜಿತ್ ಹೆಗ್ಡೆ ಸರಿಗಮಪ 13ನೇ ಸೀಸನ್‌ನಲ್ಲಿ ಗೆಲ್ಲಲಿಲ್ಲ. ಇವತ್ತು ಆ ಸೀಸನ್ ಅಂದರೆ ಜನಕ್ಕೆ ನೆನಪಾಗುವುದು ಅವರೇ. ಅರಿಜಿತ್ ಸಿಂಗ್ 2005ರಲ್ಲಿ ಹಿಂದಿ ಶೋ ಫೇಮ್ ಗುರುಕುಲ್‌ನಿಂದ ಫೈನಲ್‌ಗೆ ಮೊದಲೇ ಹೊರಬಿದ್ದರು. "ತುಮ್ ಹಿ ಹೋ" ಬಂದಿದ್ದು 2013ರಲ್ಲಿ. ನಡುವಿನ ಎಂಟು ವರ್ಷದಲ್ಲಿ ಬೇರೆ ಸಂಗೀತ ನಿರ್ದೇಶಕರ ಕೈಕೆಳಗೆ ಕೆಲಸ ಕಲಿತರು. ಅಮೆರಿಕನ್ ಐಡಲ್‌ನಲ್ಲಿ ಜೆನಿಫರ್ ಹಡ್ಸನ್ ಏಳನೇ ಸ್ಥಾನ, 2004ರಲ್ಲಿ. 2007ರಲ್ಲಿ ಕೈಯಲ್ಲಿ ಆಸ್ಕರ್. ನಮ್ಮ ಮೈಸೂರಿನ ವಿಜಯ್ ಪ್ರಕಾಶ್ ಜಡ್ಜ್ ಕುರ್ಚಿಯಲ್ಲಿ ಕೂರುವ ಎಷ್ಟೋ ವರ್ಷ ಮುಂಚೆ ಹಿಂದಿ ಸರೆಗಮದಲ್ಲಿ ಸ್ಪರ್ಧಿ.

ಈ ಶೋಗಳು ಅಳೆಯುವುದು ಒಂದನ್ನೇ: ಬೇರೆಯವರ ಹಾಡನ್ನು ನೀನು ಎಷ್ಟು ಚೆನ್ನಾಗಿ ಹಾಡುತ್ತೀಯ? ಜಾನಕಿ ಹಾಡನ್ನು ಜಾನಕಿಯಂತೆಯೇ ಹಾಡಿದರೆ ಚಪ್ಪಾಳೆ. ಸ್ವಂತ ದನಿಯಲ್ಲಿ ಹಾಡಿದರೆ "ಒರಿಜಿನಲ್ ಫೀಲ್ ಬರಲಿಲ್ಲ". ಸಿನಿಮಾದವರಿಗೆ ಬೇಕಾಗಿದ್ದು ಇನ್ನೂ ಯಾರೂ ಕೇಳದ ದನಿ. ಅದಕ್ಕೇ ಸೋತವರು ಮುಂದೆ ಹೋಗುತ್ತಾರೆ, ಟ್ರೋಫಿ ಹಿಡಿದ ಎಷ್ಟೋ ಜನ ದೊಡ್ಡ ಗಾಯಕರಿಗೆ ಮಾದರಿ ಟ್ರ್ಯಾಕ್ ಹಾಡಿಕೊಂಡು ಉಳಿಯುತ್ತಾರೆ. ನನ್ನ ಈ ಮಾತು ಬದಲಾಗುವುದಿಲ್ಲ.

ಮೈಸೂರು ಸುಗಮ:
ಮೊದಲು ಸ್ವಂತ ದನಿ ಕಟ್ಟಲು ಬಿಡಿ ಅಂದರೆ ಯಾರೂ ಕೇಳುವುದಿಲ್ಲ. ನಾನು ಆಕಾಶವಾಣಿ ಆಡಿಷನ್ ಕೊಟ್ಟು ಬಿ ಗ್ರೇಡ್ ತೆಗೆದುಕೊಂಡು, ಆಮೇಲೆ ಅದರ ಮೇಲಿನ ಬಿ ಹೈ ಆದವಳು. ಅಲ್ಲಿ ಹಾಡಿದ ರೆಕಾರ್ಡಿಂಗ್ ಮಾತ್ರ ಸಮಿತಿಗೆ ಹೋಗುತ್ತದೆ, ನಿಮ್ಮ ಸೀರೆ, ನಿಮ್ಮ ಕಣ್ಣೀರು ಹೋಗುವುದಿಲ್ಲ. ಮೊದಲ ಸಲ ಆಗಲಿಲ್ಲ, ಮತ್ತೆ ಅಭ್ಯಾಸ ಮಾಡಿದೆ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಹಾಡಿದ್ದು ಎಸ್‌ಎಂಎಸ್ ಓಟಿಗೆ ಅಲ್ಲ. ನನ್ನ ತಂಗಿಯ ಮಗ ಸಿನಿಮಾ ಹಾಡಿಗೆ ಬಿದ್ದು ಗಮಕ (ಸ್ವರವನ್ನು ಅಲುಗಿಸಿ ಹಾಡುವ ಬಗೆ) ಎಲ್ಲ ಚಪ್ಪಟೆ ಮಾಡಿಕೊಂಡ. ಈಗ ಶಾಸ್ತ್ರೀಯದ ವರ್ಣ ಹಾಡಿಸಿದರೂ ರಿಯಾಲಿಟಿ ಶೋ ಥರ ಕೈ ಬೀಸುತ್ತಾನೆ.

ಹಾಡಿನ ಹುಚ್ಚ:
ಮೇಡಂ, ಎಸ್‌ಪಿಬಿ ಶಾಸ್ತ್ರೀಯವಾಗಿ ಕಲಿತವರಲ್ಲ. "ಶಂಕರಾಭರಣಂ"ಗೆ ರಾಷ್ಟ್ರಪ್ರಶಸ್ತಿ, ಕನ್ನಡದ ಪಂಚಾಕ್ಷರ ಗವಾಯಿ ಸಿನಿಮಾಕ್ಕೂ ರಾಷ್ಟ್ರಪ್ರಶಸ್ತಿ. ಗಮಕ ಪರೀಕ್ಷೆಯ ಸರ್ಟಿಫಿಕೇಟಿನಿಂದ ಬರುವುದಿಲ್ಲ.

ಮೈಸೂರು ಸುಗಮ:
ಎಸ್‌ಪಿಬಿ ಒಬ್ಬರೇ. ಅವರ ಹೆಸರು ಹೇಳಿ ಮನೆಯ ಮಕ್ಕಳ ಪಾಠ ಬಿಡಿಸಬೇಡಿ.

ಮಂಗಳೂರಿನ ಪಾಪ್ ಪ್ರೇಮಿ:
ಓಟಿನ ಮಾತು ಬಂತಲ್ಲ, ನಾನು ಹೇಳಲೇಬೇಕು. ದಕ್ಷಿಣ ಕೊರಿಯಾದ ಪ್ರೊಡ್ಯೂಸ್ ಎಕ್ಸ್ 101 ಅನ್ನೋ ಶೋ ನೋಡಿ ಒಬ್ಬ ಹುಡುಗನಿಗೋಸ್ಕರ ರಾತ್ರಿಯೆಲ್ಲ ಎದ್ದಿದ್ದೆ. 2019ರ ಜುಲೈ ಫೈನಲ್‌ನಲ್ಲಿ ಸ್ಪರ್ಧಿಗಳ ಓಟಿನ ನಡುವಿನ ಅಂತರ ಮತ್ತೆ ಮತ್ತೆ ಒಂದೇ ಬಂತು: 29,978. ಮೊದಲು ಲೆಕ್ಕ ಹಿಡಿದವರು ಅಭಿಮಾನಿಗಳೇ. ಪೊಲೀಸರು ಬಂದರು, ಓಟು ತಿರುಚಿದ್ದು ಸಾಬೀತಾಯಿತು, ಶೋನ ನಿರ್ದೇಶಕರಿಗೆ 2020ರಲ್ಲಿ ಎರಡು ವರ್ಷ ಜೈಲು ಆಯಿತು. ಗೆದ್ದವರನ್ನು ಸೇರಿಸಿ ಕಟ್ಟಿದ ಎಕ್ಸ್1 ಗುಂಪು 2020ರ ಜನವರಿಯಲ್ಲೇ ಒಡೆಯಿತು. ಆ ಹುಡುಗರು ಏನು ತಪ್ಪು ಮಾಡಿದ್ದರು? ವರ್ಷಗಟ್ಟಲೆ ಟ್ರೇನಿಂಗ್ ಮಾಡಿದ್ದರು. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಕೀಬೋರ್ಡ್ ಅಣ್ಣಾ, ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್ ಬಂದಿದ್ದು 1997ರಲ್ಲಿ. ಅದು ಕಳ್ಳತನ ಅಲ್ಲ, ಒಂದು ವಾದ್ಯ. ರ‍್ಯಾಪ್, ಪಾಪ್ ಮಾಡುವವರು ಅದನ್ನು ಬೇಕಂತಲೇ ಬಳಸುತ್ತಾರೆ. ಕನ್ನಡದ ರ‍್ಯಾಪ್ ಹಾಡುಗಾರರು ಆಲ್ ಓಕೆ, ಚಂದನ್ ಶೆಟ್ಟಿ ಯಾವ ಹಾಡಿನ ಸ್ಪರ್ಧೆಗೂ ಕಾಯದೆ ಸ್ವಂತ ಹಾಡು ಯೂಟ್ಯೂಬಿಗೆ ಹಾಕಿ ಬೆಳೆದರು. ಕನ್ನಡದಲ್ಲಿ ಹೊಸ ಹಾಡು ಹುಟ್ಟುತ್ತಿರುವುದು ಅಲ್ಲಿ.

ಮೈಸೂರು ಸುಗಮ:
ಅವರ ಕುಡಿತದ ಹಾಡನ್ನು ಹೊಸ ಹಾಡು ಅನ್ನಬೇಡಿ. 11 ವರ್ಷದ ಮಗುವಿನ ವಿಷಯದಲ್ಲಿ ಇದು ಬೇಕಾ?

ಮಂಗಳೂರಿನ ಪಾಪ್ ಪ್ರೇಮಿ:
ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರ "ಗುಡುಗುಡಿಯ ಸೇದಿ ನೋಡೋ" ಹಾಡಿದರಲ್ಲ, ಅದೂ ಪಾಪ್. ನನ್ನ ಕಾಲೇಜಿನವರು ಶರೀಫರ ಹೆಸರು ಕೇಳಿದ್ದೇ ಆ ಹಾಡಿನಿಂದ. ಒಂದು ಹಾಡು ಇಟ್ಟುಕೊಂಡು ಎಲ್ಲ ಪಾಪನ್ನೂ ಬೈದರೆ ನಾನು ಸುಮ್ಮನಿರುವುದಿಲ್ಲ.

ಹಾಸನದ ಅಪ್ಪ:
ಕೊರಿಯಾ ಬೇಡ, ಇಲ್ಲಿನ ಓಟು ಕೇಳಿ. ಜನ ದನಿಗೆ ಓಟು ಹಾಕುವುದಿಲ್ಲ, ಕತೆಗೆ ಹಾಕುತ್ತಾರೆ. ಸರಿಗಮಪದ ಹನುಮಂತನಿಗೆ ಅಷ್ಟು ಓಟು ಬಂದಿದ್ದು ಹಾಡಿಗಾ, ಕುರಿ ಕಾಯುವ ಹುಡುಗ ಅಂತಲಾ? ನನ್ನ ಮಗನಿಗೆ ಅಂಥ ಕತೆ ಇರಲಿಲ್ಲ. ಅಂಗಡಿಯವನ ಮಗ. ವಿಟಿ ಮಾಡಲು ಬಂದ ಹುಡುಗ "ಮನೆಯಲ್ಲಿ ಏನೂ ಕಷ್ಟ ಇಲ್ವಾ ಸರ್?" ಅಂತ ಕೇಳಿದ. ಇಲ್ಲ ಅಂದೆ.

ಧಾರವಾಡದ ಅವ್ವ:
ಹನುಮಂತನ ಬಗ್ಗೆ ಒಂದು ಮಾತು ಆಡಬೇಡಿ! ಹಾವೇರಿ ಕಡೆಯ ಹುಡುಗ, ಕುರಿ ಹಿಂದೆ ತಿರುಗುತ್ತಾ ತಾನೇ ಹಾಡು ಕಲಿತ. ಅವನ ತತ್ವಪದ ಕೇಳಿದ್ದೀರಾ? ಯಾವ ಕ್ಲಾಸಿಗೂ ಗಂಟೆಗೆ 800 ಕೊಟ್ಟಿರಲಿಲ್ಲ. 15ನೇ ಸೀಸನ್‌ನಲ್ಲಿ ರನ್ನರ್‌ಅಪ್, ಗೆದ್ದವರು ಕೀರ್ತನ್ ಹೊಳ್ಳ. ಕತೆಗೇ ಓಟು ಬೀಳುವುದಾದರೆ ಅವನೇ ಗೆಲ್ಲಬೇಕಿತ್ತಲ್ಲ? ಈ ಕಡೆಯ ಜನಕ್ಕೆ ಟಿವಿಯಲ್ಲಿ ನಮ್ಮ ಮಾತು, ನಮ್ಮ ಹಾಡು ಕೇಳಿಸಿದ್ದೇ ದೊಡ್ಡದು. 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದ. ಆ ದಿನ ನಮ್ಮ ಓಣಿಯಲ್ಲಿ ಪಟಾಕಿ ಹೊಡೆದರು.

ಆರ್ಕೆಸ್ಟ್ರಾ ಕೀಬೋರ್ಡ್:
ಹನುಮಂತನ ದನಿ ಮೈದಾನದಲ್ಲೂ ನಿಲ್ಲುತ್ತದೆ. ಅದನ್ನು ನಾನು ಒಪ್ಪುತ್ತೇನೆ. ಜನಪದದವರಿಗೆ ಮಾನಿಟರ್ ಬೇಕಾಗುವುದಿಲ್ಲ.

ತುಮಕೂರಿನ ತಾಯಿ:
ಎಲ್ಲರಿಗೂ ಥ್ಯಾಂಕ್ಸ್. ಶಾಲೆಯ ಹಾಜರಾತಿ ಬಗ್ಗೆ ಯಾರಾದರೂ ಸ್ವಲ್ಪ ಹೇಳುತ್ತೀರಾ? ಹೆಡ್‌ಮಿಸ್ ಲೆಟರ್ ಕೇಳುತ್ತಿದ್ದಾರೆ.

ಬೆಂಗಳೂರಿನ ಅಮ್ಮ:
ನನ್ನ ಮಗ ಹಾಡಿನವನಲ್ಲ, ಡ್ಯಾನ್ಸ್ ಶೋಗೆ ಹೋಗಿದ್ದ. ಕಾನೂನು ಎರಡಕ್ಕೂ ಒಂದೇ. 14 ವರ್ಷದ ಒಳಗಿನ ಮಗು ಟಿವಿಯಲ್ಲಿ ಕೆಲಸ ಮಾಡಿದರೆ ಬಾಲಕಾರ್ಮಿಕ ಕಾಯ್ದೆ ಅನ್ವಯಿಸುತ್ತದೆ. 2016ರ ತಿದ್ದುಪಡಿ ಕಲಾವಿದ ಮಕ್ಕಳಿಗೆ ಅವಕಾಶ ಕೊಟ್ಟಿದೆ, 2017ರ ನಿಯಮ ಷರತ್ತು ಹಾಕಿದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಇಲ್ಲ. ಬಿಡುವಿಲ್ಲದೆ ಮೂರು ಗಂಟೆಗಿಂತ ಜಾಸ್ತಿ ಇಲ್ಲ. ಒಂದೇ ಸಮನೆ 27 ದಿನ ದಾಟುವಂತಿಲ್ಲ. ಓದು ತಪ್ಪದಂತೆ ನೋಡಿಕೊಳ್ಳುವುದು ನಿರ್ಮಾಪಕರ ಹೊಣೆ. ಐದು ಮಕ್ಕಳಿಗೆ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು. ದುಡ್ಡು ಬಂದರೆ ನೂರಕ್ಕೆ ಕನಿಷ್ಠ 20 ಭಾಗ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಗೆ ಹೋಗಬೇಕು. ಶೂಟಿಂಗ್‌ಗೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು.

ಅಗ್ರಿಮೆಂಟ್ ಕೊಟ್ಟ ದಿನವೇ ನಾನು ಇದನ್ನೆಲ್ಲ ಪ್ರಿಂಟ್ ತೆಗೆದು ಮುಂದಿಟ್ಟೆ. ಮುಖ ಸಪ್ಪೆ ಮಾಡಿಕೊಂಡರು, ಆದರೆ ನನ್ನ ಮಗನನ್ನು ರಾತ್ರಿ ಕೂರಿಸಲಿಲ್ಲ. ಕರೆಸಿದ ತಾರೀಖುಗಳ ಲೆಟರ್‌ಹೆಡ್ ಪತ್ರವನ್ನೂ ಕೇಳಿ ಪಡೆದೆ, ಶಾಲೆಯವರು ಅದನ್ನು ನೋಡಿ ಹಾಜರಾತಿ ಸರಿ ಮಾಡಿದರು. ಅಗ್ರಿಮೆಂಟಿನಲ್ಲಿ ಶೋ ಮುಗಿದ ಮೇಲೆ ಬೇರೆ ಚಾನೆಲ್‌ನಲ್ಲಿ ಕಾಣಿಸಿಕೊಳ್ಳಬಾರದು ಅನ್ನುವ ಸಾಲು ಇರಬಹುದು. ಅದನ್ನು ವಕೀಲರಿಗೆ ತೋರಿಸಿಯೇ ಸಹಿ ಹಾಕಿ. ನಮ್ಮ ವಕೀಲರು 1,500 ತೆಗೆದುಕೊಂಡರು.

ಹಾಸನದ ಅಪ್ಪ:
ಐದು ಗಂಟೆ! ನನ್ನ ಮಗ ಮೇಕಪ್ ಹಾಕಿಕೊಂಡು ರಾತ್ರಿ ಒಂದರವರೆಗೆ ಕುರ್ಚಿಯಲ್ಲಿ ನಿದ್ದೆ ಹೊಡೆದ. ಈ ನಿಯಮ ನಮಗೆ ಯಾರು ಹೇಳಿದರು?

ಧಾರವಾಡದ ಅವ್ವ:
ನಮ್ಮಲ್ಲಿ ಮಕ್ಕಳನ್ನು ಹತ್ತು ಗಂಟೆಯೊಳಗೆ ರೂಮಿಗೆ ಕಳಿಸುತ್ತಿದ್ದರು. ಎಲ್ಲ ಸೆಟ್ ಒಂದೇ ಅಲ್ಲ.

ಹಾಸನದ ಅಪ್ಪ:
ಕೊನೆಯ ವಾರದವರೆಗೆ ಇದ್ದವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬೇಗ ಹೋಗುವವರ ಊಟದ ಕೂಪನ್ ಕೂಡ ಎಣಿಸುತ್ತಾರೆ.

ಆರ್ಕೆಸ್ಟ್ರಾ ಕೀಬೋರ್ಡ್:
ತುಮಕೂರಿನ ಅಕ್ಕ, ಟ್ರ್ಯಾಕಿಗೆ 3,000 ಕೊಡಬೇಡಿ, ಅದು ಸುಲಿಗೆ. ಮಗಳ ಶ್ರುತಿ ಐದಾ, ಐದೂವರೆ ಮನೆಯಾ (ಹಾರ್ಮೋನಿಯಂ ಕೀ ಲೆಕ್ಕದಲ್ಲಿ) ಹೇಳಿ. ಜೂನಿಯರ್‌ಗೆ ಹಾಡಿದ ಶ್ರುತಿಯಲ್ಲೇ ಸಿನಿಮಾ ಹಾಡಿಸಿದರೆ ಚರಣದಲ್ಲಿ ಮೇಲಿನ ಸ್ವರ ಕೂಗಿದಂತೆ ಆಗುತ್ತದೆ, ಗಂಟಲು ಕಟ್ಟುವುದು ಅಲ್ಲೇ. ಅರ್ಧ ಮನೆ ಇಳಿಸಿ. ಯಾವ ಹಾಡು ಅಂತ ಬರೆಯಿರಿ, ನಾನು 700ಕ್ಕೆ ಮಾಡಿಕೊಡುತ್ತೇನೆ.

ಮೈಸೂರು ಸುಗಮ:
11 ವರ್ಷಕ್ಕೆ ಅರ್ಧ ಮನೆ ಇಳಿಸಿದರೆ ಕೆಳಗಿನ ಪಂಚಮ (ಪ ಸ್ವರ) ಕೇಳಿಸುವುದೇ ಇಲ್ಲ. ಹಾಡು ಬದಲಾಯಿಸಿ, ಶ್ರುತಿ ಮುಟ್ಟಬೇಡಿ.

ಆರ್ಕೆಸ್ಟ್ರಾ ಕೀಬೋರ್ಡ್:
ಮೈಕ್ ಇರುವುದು ಯಾಕೆ ಮೇಡಂ?